ಅಪ್‌ಡೇಟ್: ದಸರಾ ರಜೆಯಲ್ಲಿ ಮಕ್ಕಳ ಜೊತೆ ಒಬ್ಬಳೇ ಮೈಸೂರಿಗೆ

7 ವರ್ಷದ ಮಗಳು, 3 ವರ್ಷದ ಮಗನನ್ನು ದಸರಾ ರಜೆಯಲ್ಲಿ ಮಂಡ್ಯದಿಂದ ಮೈಸೂರಿಗೆ ಒಬ್ಬಳೇ ಕರೆದುಕೊಂಡು ಹೋಗಬಹುದಾ, ಬಸ್ಸಾ ರೈಲಾ ಎಂದು ಕೇಳಿದ್ದೆ. ಹೋಗಿ ಬಂದೆವು!

ರೈಲೇ ಸರಿಯಾಯಿತು. ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ನಿಜ. ಆದರೆ ನಾವು ಹತ್ತಿದ ರೈಲಲ್ಲಿ ಶೌಚಾಲಯ ಇತ್ತು, ಚಿಕ್ಕ ಮಕ್ಕಳಿದ್ದರೆ ಅದಕ್ಕಿಂತ ಇನ್ನೇನು ಬೇಕು ಅಲ್ವಾ? 5 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಮಗಳಿಗೆ ಅರ್ಧ ಟಿಕೆಟ್.

ಅಂಗಿಯ ಒಳಗೆ ಫೋನ್ ನಂಬರ್ ಬರೆದ ಬಟ್ಟೆಪಟ್ಟಿ ಹೊಲಿಯಿರಿ ಎಂದ ಅಕ್ಕ, ನಿಮಗೆ ತುಂಬಾ ಥ್ಯಾಂಕ್ಸ್. ಮೃಗಾಲಯದ ಜನಜಂಗುಳಿಯಲ್ಲಿ ಅದೇ ನನಗೆ ಧೈರ್ಯ. ಜಿರಾಫೆ ನಾಲಿಗೆ ಚಾಚಿ ಸೊಪ್ಪು ಎಳೆಯುವುದನ್ನು ನೋಡುತ್ತಾ ಮಗ ಬೇಲಿ ಬಿಟ್ಟು ಕದಲಲೇ ಇಲ್ಲ. ಮಗಳೇ ಬುತ್ತಿ ಬಿಚ್ಚಿ ಅವನಿಗೆ ಚಿತ್ರಾನ್ನ ತಿನ್ನಿಸಿದಳು.

ಅರಮನೆಯ ದೀಪಾಲಂಕಾರಕ್ಕೆ ನಿಲ್ಲಲಿಲ್ಲ. ಆ ನೂಕುನುಗ್ಗಲಲ್ಲಿ ಎರಡು ಕೈಗೂ ಮಕ್ಕಳು, ಬ್ಯಾಗ್ ಯಾರು ಹಿಡಿಯಬೇಕು? ಒಬ್ಬರೇ ಹೋಗುವವರು ಕತ್ತಲಾಗುವ ಮುಂಚೆ ರೈಲು ಹತ್ತುವುದೇ ಒಳ್ಳೆಯದು.

ಮಗಳು ಈಗಲೇ ಬೇಸಿಗೆ ರಜೆಗೆ ಕೆಆರ್‌ಎಸ್ ಅನ್ನುತ್ತಿದ್ದಾಳೆ. ಮಕ್ಕಳನ್ನು ಕಟ್ಟಿಕೊಂಡು ಬಸ್ಸಲ್ಲಿ ಹೋಗಿಬಂದವರು ಇದ್ದರೆ ಹೇಳುತ್ತೀರಾ?