‘ಐರ್ಲೆಂಡ್’ ಎಂಬ ಒಂದೇ ಪದದಿಂದ ಮುಂದಕ್ಕೆ: ವಲಸೆ ರೈತರ ಮೂಲ ಹುಡುಕಿದವರ ಅನುಭವಗಳು

ಪ್ರಶ್ನೆ

ನನ್ನ ಹೆಂಡತಿಯ ತಾಯಿಯ ಕಡೆಯವರು ವಿಸ್ಕಾನ್ಸಿನ್ ರಾಜ್ಯದ ಲಫಾಯೆಟ್ ಕೌಂಟಿಯಲ್ಲಿ ನಾಲ್ಕು ತಲೆಮಾರು ಬೇಸಾಯ ಮಾಡಿದ ಐರಿಷ್ ಕುಟುಂಬದವರು. ಮನೆತನದ ಹೆಸರು ಸಲಿವಾನ್. 1870ರ ಜನಗಣತಿಯಲ್ಲಿ ಮೂಲಪುರುಷನ ಹುಟ್ಟೂರಿನ ಅಂಕಣದಲ್ಲಿ ‘ಐರ್ಲೆಂಡ್’ ಎಂದಷ್ಟೇ ಬರೆದಿದೆ. ಮನೆಯ ಹಿರಿಯರು ‘ಕಾರ್ಕ್’ ಎನ್ನುತ್ತಾರೆ, ಅದು ಐರ್ಲೆಂಡಿನ ಒಂದು ಕೌಂಟಿ. ಮಗಳು ಎರಡೂ ಕಡೆಯ ವಂಶವೃಕ್ಷ ಬರೆಯಲು ಕುಳಿತಾಗ ನನ್ನ ಕಡೆಯದು ತೀರ್ಥಹಳ್ಳಿಯ ಹತ್ತಿರದ ಒಂದು ಮನೆಯವರೆಗೆ ಸಲೀಸಾಗಿ ಹೋಯಿತು, ಅವಳ ತಾಯಿಯ ಕಡೆಯದು ಅಟ್ಲಾಂಟಿಕ್ ದಡದಲ್ಲಿ ನಿಂತುಬಿಟ್ಟಿತು. ಐರ್ಲೆಂಡಿನ ದಾಖಲೆಗಳಲ್ಲಿ ಆ ಹೆಸರಿನವರು ನೂರಾರು ಮಂದಿ ಸಿಗುತ್ತಾರೆ. ಈ ದಾರಿಯಲ್ಲಿ ನಡೆದವರು ಎಲ್ಲಿಂದ ಆರಂಭಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಮಿನೆಸೋಟಾದಿಂದ ಬಂದ ಉತ್ತರ

ನನ್ನ ಗಂಡನ ಮನೆತನದ ಹುಡುಕಾಟಕ್ಕೆ ನಾನು ಆರು ವರ್ಷ ಕೊಟ್ಟಿದ್ದೇನೆ. ಅದರಲ್ಲಿ ಮೊದಲ ಮೂರು ವರ್ಷ ವ್ಯರ್ಥವಾದದ್ದು ನೀವು ಈಗ ಮಾಡುತ್ತಿರುವ ಕೆಲಸದಿಂದಲೇ, ಅಂದರೆ ಊರಿನ ಹೆಸರು ಕೈಯಲ್ಲಿಲ್ಲದೆ ಸಮುದ್ರ ದಾಟಿದ್ದರಿಂದ. ಐರ್ಲೆಂಡಿನ ಹಳೆಯ ದಾಖಲೆಗಳನ್ನು ಜೋಡಿಸಿರುವುದು ವ್ಯಕ್ತಿಯ ಹೆಸರಿಗಿಂತ ಹೆಚ್ಚಾಗಿ ನೆಲದ ಲೆಕ್ಕದಲ್ಲಿ: ಕೌಂಟಿ, ಅದರೊಳಗೆ ಬ್ಯಾರನಿ, ಪ್ಯಾರಿಷ್, ಎಲ್ಲಕ್ಕಿಂತ ಕೆಳಗೆ ಟೌನ್‌ಲ್ಯಾಂಡ್. ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ಕೆಲವೇ ಮನೆಗಳೂ ಅವುಗಳ ಹೊಲಗಳೂ ಸೇರಿದ, ನಿಮ್ಮ ತೀರ್ಥಹಳ್ಳಿ ಕಡೆಯ ಮಜರೆಯಂಥ ತುಂಡು ನೆಲ. ಇಂಥವು ಅರವತ್ತು ಸಾವಿರಕ್ಕೂ ಹೆಚ್ಚು ಇವೆ. ನಿಮಗೆ ಬೇಕಾದದ್ದು ಆ ಹೆಸರು, ಮತ್ತು ಅದು ಸಿಗುವುದಿದ್ದರೆ ಅಮೆರಿಕದ ಕಾಗದಗಳಲ್ಲೇ ಸಿಗಬೇಕು.

‘ಕಾರ್ಕ್’ ಎಂಬ ಮಾತನ್ನು ಅಲ್ಲಗಳೆಯಬೇಡಿ, ಆದರೆ ಪೂರ್ತಿ ನಂಬಲೂ ಬೇಡಿ. ನಮ್ಮ ಮನೆಯಲ್ಲೂ ಅದೇ ಮಾತಿತ್ತು. ಕೊನೆಗೆ ತಿಳಿದದ್ದೇನೆಂದರೆ ಅವರು ಕೆರಿ ಕೌಂಟಿಯವರು. ಹಡಗು ಹತ್ತಿದ ಕ್ವೀನ್ಸ್‌ಟೌನ್ ಬಂದರು, ಅಂದರೆ ಇಂದಿನ ಕೋವ್, ಕಾರ್ಕ್ ಕೌಂಟಿಯಲ್ಲಿದ್ದುದರಿಂದ ಮೊಮ್ಮಕ್ಕಳ ಬಾಯಲ್ಲಿ ಬಂದರೇ ಹುಟ್ಟೂರಾಗಿತ್ತು.

ನಮಗೆ ಬಾಗಿಲು ತೆರೆದದ್ದು ನೆರೆಯವರು. ಗಣತಿದಾರನು ಮನೆಯಿಂದ ಮನೆಗೆ ನಡೆದು ಬರೆದುಕೊಂಡ ಕ್ರಮದಲ್ಲೇ ಹಾಳೆಗಳಿರುವುದರಿಂದ, 1860ರ ಹಾಳೆಯಲ್ಲಿ ನಮ್ಮವರ ಮೇಲಿನ ಹತ್ತು, ಕೆಳಗಿನ ಹತ್ತು ಮನೆಗಳನ್ನು ಪುಸ್ತಕದಲ್ಲಿ ಬರೆದುಕೊಂಡೆ. ಅನಂತರ ಅಲ್ಲಿನ ಚರ್ಚಿನ ಜ್ಞಾನಸ್ನಾನದ ದಾಖಲೆಯಲ್ಲಿ ನಮ್ಮವರ ಮಕ್ಕಳಿಗೆ ಜ್ಞಾನ ತಂದೆ-ತಾಯಿಯಾಗಿ ನಿಂತವರ ಹೆಸರುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ಮನೆಯವರು ಮೂರು ಸಲ ಬಂದಿದ್ದರು. ನಮ್ಮ ಮೂಲಪುರುಷನ ಸಮಾಧಿಕಲ್ಲಿನಲ್ಲಿ ಹುಟ್ಟಿದ, ಸತ್ತ ವರ್ಷಗಳ ಹೊರತು ಏನೂ ಇಲ್ಲ. ಆದರೆ ಎರಡು ಸಾಲು ಆಚೆಗೆ ಆ ನೆರೆಯವನ ಕಲ್ಲು, ಪಾಚಿ ಹಿಡಿದು ಅರ್ಧ ಮಣ್ಣಿಗಿಳಿದಿತ್ತು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಅಕ್ಷರಗಳು ಕಾಣಲೇ ಇಲ್ಲ. ಸಂಜೆ ಐದರ ಓರೆ ಬೆಳಕಿನಲ್ಲಿ ಗಂಡ ಮೊಣಕಾಲೂರಿ ಒಂದೊಂದೇ ಅಕ್ಷರ ಓದಿದರು: ‘ಕೆರಿ ಕೌಂಟಿಯ ಟುವೊಸಿಸ್ಟ್ ಪ್ಯಾರಿಷ್‌ನಲ್ಲಿ ಹುಟ್ಟಿದವನು’. ಅಮೆರಿಕದ ಹಳೆಯ ಐರಿಷ್ ಸ್ಮಶಾನಗಳಲ್ಲಿ ಹೀಗೆ ಊರು ಕೆತ್ತಿಸುವ ರೂಢಿ ಸಾಕಷ್ಟಿತ್ತು. ಹಳೆಯ ಕಲ್ಲನ್ನು ಬ್ರಷ್ಷಿನಿಂದ ಉಜ್ಜುವುದು, ಸೀಮೆಸುಣ್ಣ ಬಳಿಯುವುದು ಮಾಡಬೇಡಿ. ಒಂದು ಕನ್ನಡಿಯಿಂದ ಬೆಳಕನ್ನು ಓರೆಯಾಗಿ ಹಾಯಿಸಿದರೆ ಸಾಕು.

ಬಾಸ್ಟನ್ನಿನ ‘ಪೈಲಟ್’ ಪತ್ರಿಕೆಯ ‘ಕಾಣೆಯಾದ ಗೆಳೆಯರು’ ಎಂಬ ಜಾಹೀರಾತುಗಳನ್ನೂ ನೋಡಿ. 1831ರಿಂದ 1921ರವರೆಗೆ ಅಣ್ಣನನ್ನು ತಂಗಿ, ಗಂಡನನ್ನು ಹೆಂಡತಿ ಹುಡುಕುತ್ತ ಕೊಟ್ಟ ಪ್ರಕಟಣೆಗಳವು, ಗುರುತು ಹತ್ತಲೆಂದು ಪ್ಯಾರಿಷ್‌ನ ಹೆಸರನ್ನೂ ಎಷ್ಟೋ ಸಲ ಟೌನ್‌ಲ್ಯಾಂಡನ್ನೂ ಬರೆಯುತ್ತಿದ್ದರು. ನನಗೆ ಅಲ್ಲಿ ಏನೂ ಸಿಗಲಿಲ್ಲ, ಆದರೂ ಒಂದು ರಾತ್ರಿಯಿಡೀ ಓದಿದೆ.

ನೆಬ್ರಾಸ್ಕಾದಿಂದ ಬಂದ ಉತ್ತರ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ರೈತರಾಗಿದ್ದುದರಿಂದ ನಿಮಗಿರುವ ಅನುಕೂಲವನ್ನು ಮಾತ್ರ ಸೇರಿಸುತ್ತೇನೆ. ಅಮೆರಿಕಕ್ಕೆ ಬಂದ ಐರಿಷರಲ್ಲಿ ಹೆಚ್ಚಿನವರು ನಗರಗಳಲ್ಲೇ ಉಳಿದರು. ಬಾಡಿಗೆ ಕೋಣೆಯ ಕೂಲಿಕಾರನಿಗಿಂತ ನೆಲವಿದ್ದವನು ಹಿಂದೆ ಬಿಟ್ಟುಹೋಗುವ ಕಾಗದ ಬಹಳ ಹೆಚ್ಚು.

1850ರಿಂದ 1880ರವರೆಗಿನ ಜನಗಣತಿಗಳ ಜೊತೆಗೆ ಕೃಷಿಯ ಪ್ರತ್ಯೇಕ ಪಟ್ಟಿಯೊಂದಿದೆ. ಎಷ್ಟು ಎಕರೆ ಹಸನು ಮಾಡಿದ್ದು, ಎಷ್ಟು ಕಾಡು, ಜಮೀನಿನ ಬೆಲೆ, ಕುದುರೆ, ಕರೆಯುವ ಹಸು, ಹಂದಿ, ಗೋಧಿ, ಓಟ್ಸ್, ಆಲೂಗಡ್ಡೆ, ಬೆಣ್ಣೆ ಎಲ್ಲದರ ಲೆಕ್ಕ ಅದರಲ್ಲಿದ್ದು, ನಮ್ಮ ಪಹಣಿ ನೋಡಿದವರಿಗೆ ಓದಲು ಕಷ್ಟವಾಗದು. 1850 ಮತ್ತು 1860ರಲ್ಲಿ ವರ್ಷಕ್ಕೆ ನೂರು ಡಾಲರಿಗಿಂತ ಕಡಿಮೆ ಉತ್ಪನ್ನವಿದ್ದ ಹೊಲಗಳನ್ನು ಸೇರಿಸಿಲ್ಲವಾದ್ದರಿಂದ, ಹೆಸರು ಕಾಣದಿದ್ದರೆ ಹೊಲವೇ ಇರಲಿಲ್ಲವೆಂದು ತೀರ್ಮಾನಿಸಬೇಡಿ.

ಸರ್ಕಾರದಿಂದ ನೇರವಾಗಿ ಪಡೆದ ಜಮೀನಿನ ಹಕ್ಕುಪತ್ರಗಳು ಅಮೆರಿಕದ ಭೂ ನಿರ್ವಹಣಾ ಇಲಾಖೆಯ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಹಕ್ಕುಪತ್ರ ಒಂದೇ ಹಾಳೆ. ರುಚಿ ಇರುವುದು ಅದರ ಹಿಂದಿನ ಕಡತದಲ್ಲಿ, ಅದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಹಣ ಕೊಟ್ಟು ಕೊಂಡ ಜಮೀನಿನ ಕಡತದಲ್ಲಿ ರಸೀದಿಗಿಂತ ಹೆಚ್ಚೇನೂ ಇರುವುದಿಲ್ಲ. ಉಳುವವರಿಗೆ ಸರ್ಕಾರಿ ನೆಲ ಹಂಚಿದ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಪಡೆದ 160 ಎಕರೆಯ ಕಡತವಾದರೆ ಬೇರೆಯೇ ಮಾತು. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದ್ದಕ್ಕೆ ಸಾಕ್ಷಿ ಕೊಡಬೇಕಿತ್ತು; ವಲಸಿಗನಾದರೆ ಪೌರತ್ವದ ಅರ್ಜಿಯ ಪ್ರತಿಯನ್ನೂ ಲಗತ್ತಿಸಬೇಕಿತ್ತು. ನನ್ನ ಅಳಿಯನ ಪೂರ್ವಜನ ಕಡತದಲ್ಲಿ ಹುಲ್ಲುಹೆಂಟೆಯ ಮನೆ, ಹದಿನಾಲ್ಕು ಅಡಿಗೆ ಹದಿನಾರು, ಒಂದು ಬಾಗಿಲು, ಎರಡು ಕಿಟಕಿ ಎಂದು ಬರೆದಿತ್ತು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬನು ಹೆಂಡತಿಯ ಅಣ್ಣ ಎಂಬುದು ಆಮೇಲೆ ತಿಳಿಯಿತು. ನಿಮ್ಮವರು ಆ ಕಾಯ್ದೆಗಿಂತ ಮೊದಲೇ ವಿಸ್ಕಾನ್ಸಿನ್‌ಗೆ ಬಂದಿದ್ದರೆ ಕೊಂಡ ಜಮೀನೇ ಇರಬಹುದು. ಆದರೆ ಅವರ ತಮ್ಮಂದಿರೋ ಮಕ್ಕಳೋ ಪಶ್ಚಿಮಕ್ಕೆ ಹೋಗಿ ಹೋಮ್‌ಸ್ಟೆಡ್ ಮಾಡಿರಬಹುದಾದ್ದರಿಂದ ಅವರನ್ನೂ ಹಿಂಬಾಲಿಸಿ.

ಪೌರತ್ವದ ಕಾಗದಗಳ ಮೇಲೆ ಹೆಚ್ಚು ಆಸೆ ಇಡಬೇಡಿ. 1906ಕ್ಕೆ ಮುಂಚೆ ಕೌಂಟಿಯ ನ್ಯಾಯಾಲಯದಲ್ಲೂ ಪೌರತ್ವ ಪಡೆಯಬಹುದಿತ್ತು, ಬಹುಪಾಲು ಅರ್ಜಿಗಳಲ್ಲಿ ಇಂಗ್ಲೆಂಡಿನ ರಾಣಿಯ ಮೇಲಿನ ನಿಷ್ಠೆ ತೊರೆದೆನೆಂಬ ಒಕ್ಕಣೆಯಲ್ಲದೆ ಊರಿನ ಸುದ್ದಿಯೇ ಇರುವುದಿಲ್ಲ.

ಅಯೋವಾದಿಂದ ಬಂದ ಉತ್ತರ

ಮೂರು ಎಚ್ಚರಿಕೆಗಳು. ಮೊದಲನೆಯದು ವಯಸ್ಸು. ಬಡ ವಲಸಿಗರಿಗೆ ತಮ್ಮ ವಯಸ್ಸು ಸರಿಯಾಗಿ ತಿಳಿದಿರಲಿಲ್ಲ; ಹತ್ತು ವರ್ಷಗಳ ಅಂತರದ ಎರಡು ಗಣತಿಗಳ ನಡುವೆ ನಮ್ಮ ಮನೆಯ ಅಜ್ಜಿ ಏಳೇ ವರ್ಷ ದೊಡ್ಡವಳಾಗಿದ್ದಾಳೆ. 1900ರ ಗಣತಿಯಲ್ಲಿ ಹುಟ್ಟಿದ ತಿಂಗಳು, ವಲಸೆ ಬಂದ ವರ್ಷ, ಹೆತ್ತ ಮಕ್ಕಳ ಸಂಖ್ಯೆ, ಅವರಲ್ಲಿ ಬದುಕಿರುವವರೆಷ್ಟು ಎಂಬ ವಿವರಗಳಿವೆ. 1890ರ ಗಣತಿಯನ್ನು ಹುಡುಕಿ ದಣಿಯಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಿಂದಾಗಿ ಅದರ ಬಹುಭಾಗ ಉಳಿದಿಲ್ಲ.

ಎರಡನೆಯದು ಹಡಗು. ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪ ತೆರೆದದ್ದು 1892ರಲ್ಲಿ; 1840ರ ದಶಕದ ಐರ್ಲೆಂಡಿನ ಕ್ಷಾಮದ ಕಾಲದವರನ್ನು ಅಲ್ಲಿ ಹುಡುಕುವುದು ವ್ಯರ್ಥ. ಎಷ್ಟೋ ಮಂದಿ ನ್ಯೂಯಾರ್ಕ್‌ಗೆ ಬರಲೇ ಇಲ್ಲ. ಕೆನಡಾದಿಂದ ಮರ ಸಾಗಿಸಿದ ಹಡಗುಗಳು ಖಾಲಿ ಹಿಂದಿರುಗುವ ಬದಲು ಅಗ್ಗದ ದರದಲ್ಲಿ ಜನರನ್ನು ಕ್ವಿಬೆಕ್‌ಗೆ ಕರೆತರುತ್ತಿದ್ದವು, ಅಲ್ಲಿಂದ ಸರೋವರಗಳ ದಾರಿಯಲ್ಲಿ ವಿಸ್ಕಾನ್ಸಿನ್ ತಲುಪಬಹುದಿತ್ತು. 1865ಕ್ಕೆ ಮುಂಚೆ ಆ ದಾರಿಯಲ್ಲಿ ಬಂದವರ ಪ್ರಯಾಣಿಕರ ಪಟ್ಟಿ ಸಿಗುವುದು ಅಪರೂಪ.

ಮೂರನೆಯದು ಹೆಸರು. ಸಲಿವಾನ್ ಎಂಬುದು ಓ’ಸಲಿವಾನ್ ಆಗಿಯೂ ಇರುತ್ತದೆ. ಬ್ರಿಜೆಟ್ ಎಂಬವಳು ಅಮೆರಿಕದಲ್ಲಿ ಡೀಲಿಯಾ ಆಗುತ್ತಾಳೆ, ಡರ್ಬಿ ಮತ್ತು ಜೆರೆಮಾಯಾ ಒಬ್ಬನೇ ಆಗಿರಬಹುದು. ಐರ್ಲೆಂಡಿನ ಕ್ಯಾಥೋಲಿಕ್ ದಾಖಲೆಗಳಲ್ಲಿ ಅನೇಕವು ಲ್ಯಾಟಿನ್‌ನಲ್ಲಿರುವುದರಿಂದ ಜೇಮ್ಸ್ ಅಲ್ಲಿ ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್. ಇವುಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು 2015ರಿಂದ ಉಚಿತವಾಗಿ ಒದಗಿಸಿದೆ. 1821ರಿಂದ 1851ರವರೆಗಿನ ಗಣತಿಗಳು 1922ರಲ್ಲಿ ಡಬ್ಲಿನ್ನಿನ ಪತ್ರಾಗಾರ ಸುಟ್ಟಾಗ ಬಹುತೇಕ ನಾಶವಾಗಿ, 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿದ್ದರಿಂದ, ರೈತರ ಮಟ್ಟಿಗೆ ಉಳಿದ ಆಸರೆ 1847ರಿಂದ 1864ರ ನಡುವೆ ತಯಾರಾದ ಗ್ರಿಫಿತ್ ಮೌಲ್ಯಮಾಪನ. ಯಾವ ಟೌನ್‌ಲ್ಯಾಂಡಿನಲ್ಲಿ ಯಾರು, ಯಾರ ಒಡೆತನದ ಎಷ್ಟು ನೆಲವನ್ನು ಗೇಣಿಗೆ ಹಿಡಿದಿದ್ದರೆಂದು ಅದರಲ್ಲಿದೆ. ಒಂದೇ ಹೆಸರಿನವರು ಹೆಚ್ಚಿದ್ದ ಕಡೆ ತಂದೆಯ ಹೆಸರನ್ನೋ ಅಡ್ಡಹೆಸರನ್ನೋ ಕಂಸದಲ್ಲಿ ಸೇರಿಸಿದ್ದಾರೆ. ಮೇಲಿನಮನೆ, ಕೆಳಗಿನಮನೆ ಎಂದು ಗುರುತು ಹಿಡಿಯುವ ನಮಗೆ ಇದು ಹೊಸದಲ್ಲ. ನಿಮ್ಮವರು ಅದಕ್ಕೆ ಮುಂಚೆಯೇ ಹೊರಟಿದ್ದರೆ ಅವರ ಹೆಸರು ಅಲ್ಲಿರದು, ಹಿಂದೆ ಉಳಿದ ಅಣ್ಣನದೋ ಚಿಕ್ಕಪ್ಪನದೋ ಇರಬಹುದು.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. 1860ರ ಕೃಷಿ ಪಟ್ಟಿಯಲ್ಲಿ ನಮ್ಮವರು ಸಿಕ್ಕಿದರು: ಎಂಬತ್ತು ಎಕರೆಯಲ್ಲಿ ಮೂವತ್ತು ಹಸನಾದದ್ದು, ಎರಡು ಕುದುರೆ, ಮೂರು ಹಸು, ನೂರೈವತ್ತು ಪೌಂಡ್ ಬೆಣ್ಣೆ. ಬೆಣ್ಣೆಯ ಲೆಕ್ಕ ಓದಿ ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದಳು. ಮೇಲಿನ ಹತ್ತು, ಕೆಳಗಿನ ಹತ್ತು ಮನೆಗಳ ಪಟ್ಟಿಯನ್ನೂ ಬರೆದಿದ್ದೇವೆ. ಹನ್ನೊಂದು ಮನೆ ಐರಿಷರವು, ಎರಡರಲ್ಲಿ ಸಲಿವಾನ್ ಎಂಬವರೇ ಇದ್ದಾರೆ. ಮುಂದಿನ ಶನಿವಾರ ಸಂಜೆ ನಾಲ್ಕಕ್ಕೆ, ಬೆಳಕು ಓರೆಯಾಗುವ ಹೊತ್ತಿಗೆ, ಒಂದು ಕನ್ನಡಿ ಹಿಡಿದು ಅಲ್ಲಿನ ಸ್ಮಶಾನಕ್ಕೆ ಹೋಗುತ್ತಿದ್ದೇವೆ.