ಏಳು ದಿನದ ವಾಪಸಾತಿ: ಹಕ್ಕೋ, ಕಂಪನಿಯವರ ಕೃಪೆಯೋ?

ಠಾಣೆ_ಲೋಕಲ್
ದಸರಾ ಸೇಲ್ ಹತ್ತಿರ ಬಂತು, ಆ ಹಳೇ ಫಾರ್ವರ್ಡ್ ಮತ್ತೆ ಎದ್ದು ಕೂತಿದೆ. ಠಾಣೆ, ಡೊಂಬಿವಲಿ, ಪುಣೆಯ ಕನ್ನಡ ಗ್ರೂಪುಗಳಲ್ಲೆಲ್ಲ ಇದೇ: ‘2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಆನ್‌ಲೈನ್ ಖರೀದಿಯನ್ನು 7 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಹಣ 5 ದಿನದಲ್ಲಿ ಬರದಿದ್ದರೆ ದಿನಕ್ಕೆ 100 ರೂಪಾಯಿ ದಂಡ.’

ಮೊದಲ ವಾಕ್ಯ ಪೂರ್ತಿ ಸುಳ್ಳು. ಕಾರಣ ಕೇಳದೆ 14 ದಿನದಲ್ಲಿ ವಾಪಸ್ ಕೊಡುವ ಹಕ್ಕು ಇರುವುದು ಯುರೋಪಿನಲ್ಲಿ. ನಮ್ಮ ಕಾಯ್ದೆಯಲ್ಲಾಗಲಿ, 2020ರ ಇ-ಕಾಮರ್ಸ್ ನಿಯಮಗಳಲ್ಲಾಗಲಿ ಅಂಥದ್ದಿಲ್ಲ. 7 ದಿನ, 10 ದಿನ ಅನ್ನುವುದೆಲ್ಲ ಆಯಾ ಕಂಪನಿಯ ಪಾಲಿಸಿ. ನಾಳೆ ಅದನ್ನು 2 ದಿನ ಮಾಡಿದರೂ ಕೇಳುವ ಹಾಗಿಲ್ಲ, ಆರ್ಡರ್ ಹಾಕುವ ಮೊದಲೇ ತೋರಿಸಿದ್ದರೆ ಸಾಕು.

ಚಿಂಚವಾಡ_ಚಿಗವ್ವ
‘ಪೂರ್ತಿ ಸುಳ್ಳು’ ಅಂತ ಹೆಂಗ ಅಂತೀರಿ? ಸೆಕ್ಷನ್ 2(47) ತಗದು ಓದ್ರಿ. ಮಾರಿದ ಮಾಲು ವಾಪಸ್ ತಗೊಂಡು ರೊಕ್ಕಾ ಕೊಡಲಿಲ್ಲಂದ್ರ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಾಗ ಅವಧಿ ಬರದಿರಲಿಲ್ಲಂದ್ರ 30 ದಿನ. 7 ಅಲ್ಲ, 30! ಫಾರ್ವರ್ಡ್ ಮಾಡಿದವರು ಕಡಿಮೀನ ಹೇಳ್ಯಾರ.

ಮಾಟುಂಗಾ_ಮಾಣಿ
ಚಿಗವ್ವ, ಆ ಸೆಕ್ಷನಿನಲ್ಲಿ ‘ದೋಷಯುಕ್ತ’ ಅಂತ ಒಂದು ಶಬ್ದ ಉಂಟು. ಅದನ್ನು ನುಂಗಿ ನೀರು ಕುಡಿದ್ರಲ್ಲ? ದೋಷ ಇದ್ದ ಮಾಲಿಗೆ 30 ದಿನ. ಬಣ್ಣ ಹಿಡಿಸ್ಲಿಲ್ಲ, ಮನೆಯವರು ಬೇಡ ಅಂದ್ರು, ಪಕ್ಕದ ಆ್ಯಪಿನಲ್ಲಿ 200 ರೂಪಾಯಿ ಕಮ್ಮಿ ಉಂಟು, ಇದೆಲ್ಲ ದೋಷ ಅಲ್ಲ ಮಾರಾಯ್ರೆ.

ಚಿಂಚವಾಡ_ಚಿಗವ್ವ
ಬಣ್ಣಾ ದೋಷ ಅಲ್ಲ ಅಂದ್ರ ಇ-ಕಾಮರ್ಸ್ ನಿಯಮ 6(3) ಯಾಕ ಐತಿ? ಜಾಹೀರಾತಿನಾಗ ಹೇಳಿದ ಗುಣಲಕ್ಷಣ ಇರಲಿಲ್ಲಂದ್ರ ಮಾರಾಟಗಾರ ವಾಪಸ್ ತಗೊಳ್ಳಾಕ ಒಲ್ಲೆ ಅನ್ನಂಗಿಲ್ಲ. ಹೇಳಿದ ತಾರೀಖಿಗೆ ಬರಲಿಲ್ಲಂದ್ರೂ ಅಷ್ಟ. ಮಹಾಪೂರ ಗಿಹಾಪೂರ ಬಂದಿತ್ತಂದ್ರ ಮಾತ್ರ ಬ್ಯಾರೆ.

‘ಇಳಕಲ್ ಕೈಮಗ್ಗ’ ಅಂತ ಹಾಕಿ ಪವರ್‌ಲೂಮ್ ಸೀರಿ ಕಳಸ್ತಾರಲ್ಲ, ಅದನ್ನ ಹೆಂಗ ಹಿಡೀಬೇಕು? ಒಡಲು ಮತ್ತ ಸೆರಗು ಕೂಡೂ ಕಡೆ ಸೀರಿ ತಿರುವಿ ಹಾಕಿ ನೋಡ್ರಿ. ಖರೆ ಇಳಕಲ್ಲಿಗೆ ಅಲ್ಲಿ ಕೊಂಡಿ ಇರ್ತಾವ, ಒಡಲಿನ ಹಾಸಿನ ಎಳಿ ಸೆರಗಿನ ಎಳಿಯೊಳಗ ಸಿಕ್ಕಿಸಿ ಕೂಡಿಸಿದ್ದು ಗೊತ್ತಾಗ್ತದ. ಒಂದ ಎಳಿ ಈ ತುದಿಯಿಂದ ಆ ತುದಿಗೆ ಸೀದಾ ಹೋಗಿತ್ತಂದ್ರ ಕೊಂಡಿನೂ ಇಲ್ಲ, ಮಣ್ಣೂ ಇಲ್ಲ. ಆ ಜಾಗಾದ ಫೋಟೊ ಹತ್ರದಿಂದ ತಗೀರಿ. ಆರ್ಡರ್ ಹಾಕೂ ದಿನಾನ ಲಿಸ್ಟಿಂಗಿನ ಸ್ಕ್ರೀನ್‌ಶಾಟ್ ಇಟ್ಕೋರಿ, ಯಾಕಂದ್ರ ದೂರು ಹೋದ ಮರುದಿನಾನ ‘ಕೈಮಗ್ಗ’ ತಗದು ‘ಇಳಕಲ್ ಸ್ಟೈಲ್’ ಅಂತ ತಿದ್ದತಾರ. ವಾಪಸಾತಿ ಕಾರಣದ ಪಟ್ಟಿಯೊಳಗ ‘ಮನಸ್ಸು ಬದಲಾತು’ ಒತ್ತಬ್ಯಾಡ್ರಿ, ‘ವಿವರಣೆಗೆ ಹೊಂದಿಲ್ಲ’ ಒತ್ರಿ. ಮತ್ತ ಫಾಲ್ ಹಚ್ಚೂ ಮೊದಲ ನೋಡ್ರಿ. ಫಾಲ್ ಹಚ್ಚಿದ ಸೀರಿ ಯಾರೂ ತಗೊಳ್ಳಂಗಿಲ್ಲ.

ವಾಸ್ಕೋ_ಬಂದರ
ಸೀರಿ ಸುದ್ದಿ ಬಿಡ್ರಿ. ಫಾರ್ವರ್ಡಿನ ಎರಡನೇ ವಾಕ್ಯ ನೂರಕ್ಕ ನೂರು ಖರೆ ಐತಿ, ಅದನ್ಯಾಕ ಯಾರೂ ಹೇಳವಲ್ರಿ? ಆರ್‌ಬಿಐ ಸುತ್ತೋಲೆ, 20 ಸೆಪ್ಟೆಂಬರ್ 2019. T ಅಂದ್ರ ವ್ಯವಹಾರ ಆದ ದಿನಾ. T+5 ದಿನ ದಾಟಿದ್ರ ರಿಫಂಡಿಗೆ ದಿನಕ್ಕ 100 ರೂಪಾಯಿ. ಗ್ರಾಹಕ ಅರ್ಜಿ ಕೊಡೂದೂ ಬೇಕಿಲ್ಲ, ಬ್ಯಾಂಕು ತಾನಾಗೇ ಜಮಾ ಮಾಡಬೇಕು.

ಠಾಣೆ_ಲೋಕಲ್
ಆ ಸುತ್ತೋಲೆ ಇರುವುದು ವಿಫಲವಾದ ವ್ಯವಹಾರಗಳಿಗೆ. ನಿಮ್ಮ ಖಾತೆಯಿಂದ ಹಣ ಹೋಯಿತು, ಅಂಗಡಿಗೆ ಖಾತ್ರಿ ಮುಟ್ಟಲಿಲ್ಲ, ಆರ್ಡರೇ ಆಗಲಿಲ್ಲ. ಆಗ T+5, ಆಮೇಲೆ ದಿನಕ್ಕೆ 100. ಆರ್ಡರ್ ಆಗಿ, ಮಾಲು ಬಂದು, ವಾಪಸ್ ಕೊಟ್ಟ ಮೇಲೆ ಬರಬೇಕಾದ ರಿಫಂಡ್ ಬೇರೆಯೇ ವ್ಯವಹಾರ.

ವಾಸ್ಕೋ_ಬಂದರ
‘ಬೇರೆಯೇ ವ್ಯವಹಾರ’ ಅಂದ್ರಲ್ಲ, ಬಾಳ ಚಲೋ ಆತು. ಬ್ಯಾರೆ ವ್ಯವಹಾರ ಅಂದಮ್ಯಾಲೆ ಅದೂ ವಿಫಲ ಆಗಬಹುದು. ವಿಫಲ ಆದ್ರ ಅದಕ್ಕೂ T+5. ನಿಮ್ಮ ಬಾಯಿಲೇ ಬಂತು.

ಠಾಣೆ_ಲೋಕಲ್
ಕಳಿಸದೇ ಇರುವುದು ವಿಫಲವಾದದ್ದಲ್ಲ. ಬಸ್ಸು ಹೊರಡಲೇ ಇಲ್ಲ ಅಂದರೆ ಅದು ಅಪಘಾತವೇ?

ಮಾಟುಂಗಾ_ಮಾಣಿ
ರಿಫಂಡ್ ಎಲ್ಲಿ ಸಿಕ್ಕಿಹಾಕಿಕೊಳ್ತದೆ ಅಂತ ಗೊತ್ತಿಲ್ಲದೆ ಬಸ್ಸು ಗಿಸ್ಸು ಅಂತ ಹೇಳಿ ಆಗ್ಲಿಕ್ಕಿಲ್ಲ. ಮೊದಲು ಪಿಕಪ್. ಮತ್ತೆ ಗೋದಾಮಿನಲ್ಲಿ ತಪಾಸಣೆ. ಸೀರಿಯಲ್ ನಂಬರ್, ಡಬ್ಬಿ, ಚಾರ್ಜರ್ ಎಲ್ಲ ಉಂಟಾ ಅಂತ. ಹೆಚ್ಚಿನವು ಇಲ್ಲೇ ಕೂತಿರ್ತವೆ. ಪಿಕಪ್ ಹುಡುಗ ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿದ್ರೆ ಗೋದಾಮಿನ ಲೆಕ್ಕದಲ್ಲಿ ಮಾಲು ನಿಮ್ಮ ಮನೆಯಲ್ಲೇ ಉಂಟು. ಹಾಗಾಗಿ ಪಿಕಪ್ ಆದ ಮೆಸೇಜ್ ಬರುವವರೆಗೆ ಹುಡುಗನನ್ನು ಬಾಗಿಲಿಂದ ಬಿಡಬಾರದು. ಅದಾದ ಮೇಲೆ ಪೇಮೆಂಟ್ ಗೇಟ್‌ವೇ, ಅಂಗಡಿಯ ಬ್ಯಾಂಕ್, ಕಾರ್ಡ್ ನೆಟ್‌ವರ್ಕ್, ಕಡೆಗೆ ನಿಮ್ಮ ಬ್ಯಾಂಕ್.

‘ರಿಫಂಡ್ ಪ್ರೊಸೆಸ್ಡ್’ ಅಂತ ಮೆಸೇಜ್ ಬಂದ್ರೆ ಹಣ ಬಂತು ಅಂತ ಅಲ್ಲ, ಸೂಚನೆ ಹೋಯಿತು ಅಂತ ಅಷ್ಟೇ. ಆಗ ಕಂಪನಿಯಿಂದ ಎಆರ್‌ಎನ್ ಅಂತ ರಿಫಂಡಿನ ಗುರುತಿನ ನಂಬರ್ ಕೇಳಿ, ಕಾರ್ಡಾದ್ರೆ 23 ಅಂಕಿ. ಯುಪಿಐ ಆದ್ರೆ ಆರ್‌ಆರ್‌ಎನ್, 12 ಅಂಕಿ. ಅದನ್ನು ಹಿಡ್ಕೊಂಡು ನಿಮ್ಮ ಬ್ಯಾಂಕಿಗೆ ಹೋದ್ರೆ ಹುಡುಕಿ ಕೊಡ್ತಾರೆ. ನಂಬರ್ ಕೊಡ್ಲಿಕ್ಕೆ ಕಂಪನಿಯವರು ‘ಎರಡು ದಿನ ಕಾಯಿರಿ’ ಅಂತ ಎಳೆದ್ರೆ ಸೂಚನೆ ಹೋಗಲೇ ಇಲ್ಲ ಅಂತ ತಿಳ್ಕೊಳ್ಳಿ.

ವಾಸ್ಕೋ_ಬಂದರ
‘ಸೂಚನೆ ಹೋಯಿತು’. ಆತಲ್ಲ! ಸೂಚನೆ ಹೋದ ದಿನಾ ಅಂದ್ರ T. ಅಲ್ಲಿಂದ 5 ದಿನ ಎಣಸ್ರಿ. ಠಾಣೆಯವರ ಬಸ್ಸು ಹೊಂಟತು.

ಕೋಥರೂಡ_ಕಾಕಾ
ಎಣಸೂ ಮೊದಲ ಯಾವ ದಿನಾ ಎಣಸ್ತೀರಿ ಅದನ್ನ ಹೇಳ್ರಿ. ಕಂಪನಿಯವರು ಬರಿಯೂದು ‘5ರಿಂದ 7 ಕೆಲಸದ ದಿನ’. ನಡುವ ಎರಡನೇ ಶನಿವಾರ, ರವಿವಾರ, ಗಾಂಧಿ ಜಯಂತಿ ಬಂದ್ರ ಹತ್ತು ದಿನಾ ಆಗತದ.

ಠಾಣೆ_ಲೋಕಲ್
ಕಾಕಾ, ಆ ಸುತ್ತೋಲೆಯಲ್ಲಿ T ಅಂದರೆ ಕ್ಯಾಲೆಂಡರ್ ದಿನ ಅಂತ ಸ್ಪಷ್ಟವಾಗಿಯೇ ಇದೆ. ರಜೆ ಕಳೆಯುವ ಹಾಗಿಲ್ಲ. ಆದರೆ ಅದು ರಿಫಂಡಿಗೆ ಅನ್ವಯಿಸುವುದಿಲ್ಲ ಅಂತ ನಾನು ಮೂರನೇ ಸಲ ಹೇಳುತ್ತಿದ್ದೇನೆ.

ಕೋಥರೂಡ_ಕಾಕಾ
ಬ್ಯಾಂಕಿಗೆ ರಜಾ ಇದ್ದಾಗ ಕ್ಯಾಲೆಂಡರ್ ದಿನಾ ಹೆಂಗ ಎಣಸ್ತಾರ ತಮ್ಮಾ? ಲೆಕ್ಕಾ ಅನ್ನೂದು ಲೆಕ್ಕಾ.

ವಾಸ್ಕೋ_ಬಂದರ
ಕಾಕಾ, ರವಿವಾರ ಯುಪಿಐ ಬಂದ್ ಇರತದೇನ್ರಿ? ಗೋಬಿ ತಿನ್ನಾಕ ರವಿವಾರ ರೊಕ್ಕಾ ಹೋಗತಾವ, ಬರಾಕ ಮಾತ್ರ ಸೋಮವಾರ ಬೇಕಾ?

ಕೋಥರೂಡ_ಕಾಕಾ
ನನ್ನ ಪ್ರಶ್ನೆ ಕಾರ್ಡಿಂದು. ಗೋಬಿದಲ್ಲ.

ಮಾಟುಂಗಾ_ಮಾಣಿ
T ಬಿಡಿ ಸ್ವಾಮಿ. ಇ-ಕಾಮರ್ಸ್ ನಿಯಮ 4(10)ರಲ್ಲೇ ಉಂಟು: ಒಪ್ಪಿಕೊಂಡ ರಿಫಂಡನ್ನು ಆರ್‌ಬಿಐ ಹೇಳಿದ ಪ್ರಕಾರ, ಯುಕ್ತ ಅವಧಿಯೊಳಗೆ ಕೊಡಬೇಕು. ‘ಯುಕ್ತ’ ಅಂತ ಉಂಟು, 5 ಅಂತ ಇಲ್ಲ.

ವಾಸ್ಕೋ_ಬಂದರ
‘ಆರ್‌ಬಿಐ ಹೇಳಿದ ಪ್ರಕಾರ’!! ನಿಯಮದಾಗ ಬರದದ ಅಂತ ನೀವ ಹೇಳಾಕತ್ತೀರಿ. ಆರ್‌ಬಿಐ ಏನ್ ಹೇಳೇದ? T+5, 100 ರೂಪಾಯಿ. ಮುಗೀತು. ಇನ್ನೂ ಒಪ್ಪಂಗಿಲ್ಲಂದ್ರ ನೀವೆಲ್ಲ ಕಂಪನಿ ಪಗಾರದ ಮ್ಯಾಲಿದ್ದವರು ಅಂತ ತಿಳೀಬೇಕಾಗತದ. ಗ್ರಾಹಕಗ ಸಿಗೂ ನೂರು ರೂಪಾಯಿ ಕಂಡ್ರ ಹೊಟ್ಟಿ ಉರಿ.

ಠಾಣೆ_ಲೋಕಲ್
ಪಗಾರದ ಮಾತು ಬೇಡ. ಸುತ್ತೋಲೆಯ ಜೊತೆಗಿರುವ ಕೋಷ್ಟಕ ನೋಡಿ. ಎಟಿಎಂ, ಕಾರ್ಡ್, ಐಎಂಪಿಎಸ್, ಯುಪಿಐ, ಆಧಾರ್ ಪಾವತಿ, ನ್ಯಾಚ್, ವ್ಯಾಲೆಟ್. ಪ್ರತಿಯೊಂದರಲ್ಲೂ ‘ಖಾತೆಯಿಂದ ಹೋಗಿದೆ, ಅತ್ತ ಮುಟ್ಟಿಲ್ಲ’ ಎಂಬಂಥ ಸ್ಥಿತಿ. ವಾಪಸ್ ಕೊಟ್ಟ ಮಾಲಿನ ರಿಫಂಡ್ ಅನ್ನುವ ಸಾಲು ತೋರಿಸಿ, ನಾನು ಸುಮ್ಮನಾಗುತ್ತೇನೆ.

ವಾಸ್ಕೋ_ಬಂದರ
ಸಾಲು ತೋರಸಾಕ ನಾನೇನ್ ಸಾಲಿ ಮಾಸ್ತರ್ ಅಲ್ಲ.

ಮಾಟುಂಗಾ_ಮಾಣಿ
😀 ಇದು ಆಯಿತು ಉತ್ತರ.

ಕೋಥರೂಡ_ಕಾಕಾ
ಇಷ್ಟೆಲ್ಲ ನೂರು ರೂಪಾಯಿ ಸಲುವಾಗಿ. ಬಡ್ಡಿ ಹೋಗೂದು ಯಾರೂ ನೋಡವಲ್ಲರು. ‘ನೋ ಕಾಸ್ಟ್ ಇಎಂಐ’ (ಬಡ್ಡಿಯಷ್ಟ ರಿಯಾಯಿತಿ ಕೊಡೂ ಕಂತು) ಮ್ಯಾಲೆ ತಗೊಂಡು ರದ್ದು ಮಾಡಿದ್ರ ಅಂಗಡಿಯಿಂದ ರೊಕ್ಕಾ ಕಾರ್ಡಿಗೆ ಬರತಾವ ಖರೆ, ಆದ್ರ ಬ್ಯಾಂಕಿನ ಸಾಲ ತಾನಾಗೇ ಮುಚ್ಚತದಂತ ತಿಳೀಬ್ಯಾಡ್ರಿ. ಫೋನ್ ಮಾಡಿ ‘ಇಎಂಐ ರದ್ದು ಮಾಡ್ರಿ’ ಅಂತ ಹೇಳಿ ದೂರಿನ ನಂಬರ್ ತಗೋಬೇಕು. ಬಡ್ಡಿ ಮ್ಯಾಲಿನ 18% ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಎಷ್ಟೋ ಬ್ಯಾಂಕಿನವರು ಕೊಡೂದಿಲ್ಲ. ಮತ್ತ ಡೆಲಿವರಿ ಹುಡುಗಗ ಒಟಿಪಿ ಕೊಟ್ರ ಎಲ್ಲಾ ಮುಗದಂಗ, ಆಮ್ಯಾಲೆ ದೋಷ ಗೀಷ ನಡಿಯೂದಿಲ್ಲ.

ಮಾಟುಂಗಾ_ಮಾಣಿ
ಒಟಿಪಿ ಕೊಟ್ರೆ ಮುಗೀತು ಅಂತ ಯಾರು ಹೇಳಿದ್ದು? ಡಬ್ಬಿ ಕೈಗೆ ಬಂತು ಅನ್ಲಿಕ್ಕೆ ಅದು ಸಾಕ್ಷಿ, ಡಬ್ಬಿಯೊಳಗೆ ಎಂತ ಉಂಟು ಅನ್ಲಿಕ್ಕೆ ಅಲ್ಲ. ಓಪನ್ ಬಾಕ್ಸ್ ಡೆಲಿವರಿ ಆದ್ರೆ ಮಾತ್ರ ಜಾಗ್ರತೆ ಬೇಕು. ಅಲ್ಲಿ ಬಿಚ್ಚಿ, ಪರದೆ ಒಡೆದಿಲ್ಲ, ಮಾಡೆಲ್ ಸರಿ ಉಂಟು ಅಂತ ನೋಡಿ ಆದ ಮೇಲೆಯೇ ಒಟಿಪಿ ಹೇಳಬೇಕು. ಹುಡುಗ ‘ಸಾಬ್ ಜಲ್ದಿ’ ಅಂದ್ರೆ ಕೇಳಬಾರದು. ಬಿಚ್ಚುವ ವಿಡಿಯೊ ಕಾನೂನಿನಲ್ಲಿ ಎಲ್ಲೂ ಕಡ್ಡಾಯ ಅಲ್ಲ, ಆದ್ರೂ ಮಾಡಿ. ಅಂಟುಪಟ್ಟಿ ಕತ್ತರಿಸುವ ಮೊದಲೇ ಶುರು ಮಾಡಿ, ಲೇಬಲ್ ಓದುವ ಹಾಗೆ ತೋರಿಸಿ, ನಡುವೆ ನಿಲ್ಲಿಸಬೇಡಿ.

ಕೋಥರೂಡ_ಕಾಕಾ
ಕಡ್ಡಾಯ ಅಲ್ಲ ಅಂತೀರಿ, ಮತ್ತ ಮಾಡ್ರಿ ಅಂತೀರಿ. ಒಂದಕ್ಕ ನಿಲ್ರಿ.

ಮಡಗಾಂವ_ಮಲ್ಲಿಗೆ
ಜಗಳದ ನಡುವೆ ಎರಡು ಪ್ರಶ್ನೆ. ಹಣದ ಬದಲು ಆ್ಯಪಿನ ವ್ಯಾಲೆಟ್ಟಿಗೆ ಹಾಕಿದರೆ ಒಪ್ಪಲೇಬೇಕಾ? ಕಳಿಸುವ ಮೊದಲೇ ರದ್ದು ಮಾಡಿದ್ದಕ್ಕೂ ಶುಲ್ಕ ಹಿಡಿಯಬಹುದಾ? ದೂರು ಬೆಂಗಳೂರಿಗೆ ಹೋಗಿ ಕೊಡಬೇಕಾ, ಟರ್ಮ್ಸ್‌ನಲ್ಲಿ ಬೆಂಗಳೂರು ಕೋರ್ಟ್ ಅಂತ ಇದೆ.

ಠಾಣೆ_ಲೋಕಲ್
ಅವು ಮೂರು ಪ್ರಶ್ನೆ, ಇರಲಿ. ವ್ಯಾಲೆಟ್: ಒಪ್ಪಬೇಕಿಲ್ಲ. ಪೇಮೆಂಟ್ ಅಗ್ರಿಗೇಟರ್‌ಗಳಿಗೆ (ಅಂಗಡಿಗಳ ಪರವಾಗಿ ಹಣ ಪಡೆಯುವ ಮಧ್ಯವರ್ತಿಗಳಿಗೆ) ಆರ್‌ಬಿಐ ಕೊಟ್ಟ ಮಾರ್ಗಸೂಚಿಯಲ್ಲಿ, ನೀವು ಬೇರೆಯದಕ್ಕೆ ಒಪ್ಪದಿದ್ದರೆ ಕೊಟ್ಟ ದಾರಿಯಲ್ಲೇ ಹಣ ವಾಪಸ್ ಅಂತ ಇದೆ. 2024ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾಗೂ ಇದನ್ನೇ ಹೇಳಿತು: ಕೂಪನ್ನೋ ಬ್ಯಾಂಕ್ ಖಾತೆಯೋ, ಆಯ್ಕೆ ಗ್ರಾಹಕರದ್ದು. ಆದರೆ ‘ತಕ್ಷಣ ರಿಫಂಡ್’ ಅನ್ನುವ ದೊಡ್ಡ ಬಟನ್ ಒತ್ತಿದಿರೋ, ಅದೇ ನಿಮ್ಮ ಒಪ್ಪಿಗೆ ಅನ್ನುತ್ತಾರೆ.

ಶುಲ್ಕ: ನಿಯಮ 4(8). ಕಂಪನಿ ತಾನಾಗಿ ನಿಮ್ಮ ಆರ್ಡರ್ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಹೊರುವುದಾದರೆ ಮಾತ್ರ ನಿಮ್ಮಿಂದ ಹಿಡಿಯಬಹುದು.

ಬೆಂಗಳೂರಿಗೆ ಹೋಗಬೇಕಿಲ್ಲ. ಸೆಕ್ಷನ್ 34 ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮಗೆ ದಕ್ಷಿಣ ಗೋವಾ ಗ್ರಾಹಕ ಆಯೋಗ, ಮಡಗಾಂವಿನಲ್ಲೇ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಗ್ರಾಹಕ ಆಯೋಗಗಳ ಜಾಲತಾಣ ಇ-ಜಾಗೃತಿಯಲ್ಲಿ ಆನ್‌ಲೈನ್ ದೂರು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಚಿಂಚವಾಡ_ಚಿಗವ್ವ
ಪ್ರಾಧಿಕಾರದ ಸುದ್ದಿ ಬಂತಂದ್ರ ಪೂರಾ ಹೇಳ್ರಿ. 2022ರಾಗ ಫ್ಲಿಪ್‌ಕಾರ್ಟಿಗೆ 598 ಕುಕ್ಕರ್ ವಾಪಸ್ ತಗೊಂಡು ಗಿರಾಕಿಗೆ ರೊಕ್ಕಾ ತಿರುಗಿ ಕೊಡ್ರಿ ಅಂತ ಹೇಳಿ, ಮ್ಯಾಲೆ 1 ಲಕ್ಷ ದಂಡಾ ಹಾಕ್ತು. ಗಿರಾಕಿ ಕಾರಣಾ ಕೊಟ್ಟಿದ್ರೇನು? ಇಲ್ಲ! ಕಾರಣಾ ಇಲ್ಲದ ವಾಪಸ್ ಆತಲ್ಲ.

ಮಾಟುಂಗಾ_ಮಾಣಿ
ಅವು ಐಎಸ್‌ಐ ಗುರುತು ಕಡ್ಡಾಯ ಆದ ಮೇಲೂ ಗುಣಮಟ್ಟಕ್ಕೆ ಹೊಂದದೆ ಮಾರಿದ ಕುಕ್ಕರ್, ಚಿಗವ್ವ. ಸಿಡಿಯುವಂಥದ್ದು. ಅದಕ್ಕಿಂತ ದೊಡ್ಡ ಕಾರಣ ಎಂತ ಬೇಕು?

ವಾಸ್ಕೋ_ಬಂದರ
ನಡುವ ಒಂದು ಸ್ಪಷ್ಟೀಕರಣ. 100 ರೂಪಾಯಿ ಅಂತ ನಾ ಹೇಳಿದ್ದು ಫೇಲ್ ಆದ ವ್ಯವಹಾರಕ್ಕ. ಮೊದಲಿಂದಲೂ ಅದನ್ನ ಹೇಳಕೋತ ಬಂದೇನಿ. ಕೆಲವರಿಗೆ ಕನ್ನಡಾ ಓದಾಕ ಬರೂದಿಲ್ಲ.

ಠಾಣೆ_ಲೋಕಲ್
ನಿಮ್ಮ ಮೊದಲ ಕಾಮೆಂಟ್: ‘T+5 ದಿನ ದಾಟಿದ್ರ ರಿಫಂಡಿಗೆ ದಿನಕ್ಕ 100 ರೂಪಾಯಿ’. ಕನ್ನಡದಲ್ಲೇ ಇದೆ.

ಕೋಥರೂಡ_ಕಾಕಾ
ಅದರಾಗ ಕ್ಯಾಲೆಂಡರ್ ದಿನಾ ಅಂತ ಇನ್ನೂ ಯಾರೂ ಸಿದ್ಧಾ ಮಾಡಿಲ್ಲ.

ಚಿಂಚವಾಡ_ಚಿಗವ್ವ
ನಿಮ್ಮ ವಾದಾ ಮುಗಿಯೂದಿಲ್ಲ. ಫಾರ್ವರ್ಡಿನಾಗ 7 ತಗದು 30 ಮಾಡಿ ನಾಕು ಗ್ರೂಪಿಗೆ ಹಾಕಿ ಬಂದೆ.

ಮಾಟುಂಗಾ_ಮಾಣಿ
‘ದೋಷ ಇದ್ದರೆ’ ಅಂತ ಸೇರಿಸಿದ್ರಾ?

ಚಿಂಚವಾಡ_ಚಿಗವ್ವ
ಉದ್ದ ಆಕ್ಕಿತ್ತು, ಬಿಟ್ಟೆ.