ಅಮ್ಮನ ಜೊತೆ ಉಳಿಯಲು ಬರುವವರ ಗುಣ ತಿಳಿಯುವುದು ಹೇಗೆ?

ಪ್ರಶ್ನೆ (ಶಾರ್ಜಾದಿಂದ)
ಶಿವಮೊಗ್ಗದಲ್ಲಿ ಅಮ್ಮ ಒಬ್ಬರೇ ಇದ್ದಾರೆ, 79 ವರ್ಷ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ವಾಕರ್ ಹಿಡಿದು ಓಡಾಡುತ್ತಾರೆ. ಮನೆಯಲ್ಲೇ ಉಳಿದು ನೋಡಿಕೊಳ್ಳಲು ಇಬ್ಬರು ಹೆಂಗಸರು ಸಿಕ್ಕಿದ್ದಾರೆ. ಒಬ್ಬರದು ನಗುಮುಖ, ಸಕ್ಕರೆಯಂಥ ಮಾತು. ಇನ್ನೊಬ್ಬರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ನನ್ನ ರಜೆ 20 ದಿನ. ಕೆಲಸ ಬರುತ್ತದೋ ಇಲ್ಲವೋ ನೋಡಬಹುದು, ಆದರೆ ಮನುಷ್ಯರು ಎಂಥವರು ಅಂತ ತಿಳಿಯುವುದು ಹೇಗೆ? ಹಾಲ್‌ನಲ್ಲಿ ಐನೂರರ ನೋಟು ಬಿಟ್ಟು ನೋಡು ಅಂತ ಪರಿಚಯದವರು ಹೇಳಿದರು. ಗೊತ್ತಿದ್ದವರು ತಿಳಿಸಿ.

ಉತ್ತರ (ನರ್ಸ್, ಮನೆ ಆರೈಕೆ, ಧಾರವಾಡ)
ಮೇಡಂ, ಇಬ್ಬರನ್ನೂ ಒಂದೊಂದು ವಾರ ಪೂರ್ತಿ ಸಂಬಳ ಕೊಟ್ಟು ಇರಿಸಿಕೊಳ್ಳಿ. ನೀವು ಪಕ್ಕದ ಕೋಣೆಯಲ್ಲಿರಿ. ಮೊದಲ ಎರಡು ದಿನ ಎಲ್ಲರೂ ಚಂದ ಇರುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ರಾತ್ರಿಯಿಂದ ನೋಡಿ. ಒಂದೇ ರಾತ್ರಿಯಲ್ಲಿ ಅಮ್ಮ ಮೂರನೇ ಸಲ ಬಾತ್‌ರೂಮಿಗೆ ಕರೆದಾಗ ದನಿ ಹೇಗಿರುತ್ತದೆ? ಎಬ್ಬಿಸುವ ಮುಂಚೆ "ಏಳೋಣ ಅಮ್ಮಾ" ಅಂತ ಹೇಳಿ ಕೈ ಹಾಕುತ್ತಾರೋ, ಸುಮ್ಮನೆ ತೋಳು ಹಿಡಿದು ಎಳೆಯುತ್ತಾರೋ? ಸ್ನಾನ ಮಾಡಿಸುವಾಗ ತೊಳೆಯದ ಭಾಗಕ್ಕೆ ಟವೆಲ್ ಹೊದಿಸುತ್ತಾರಾ? ನೀರನ್ನು ತಮ್ಮ ಕೈಗೆ ಮೊದಲು ಹಾಕಿಕೊಂಡು ನೋಡುತ್ತಾರಾ? ಅಮ್ಮ ಎದುರಿಗೇ ಕೂತಿರುವಾಗ "ಇವರು ಊಟಕ್ಕೆ ಏನು ತಿಂತಾರೆ" ಅಂತ ನಿಮ್ಮನ್ನು ಕೇಳುವುದು ತೀರಾ ಸಾಮಾನ್ಯ, ಒಂದು ಸಲ ತಿದ್ದಿ ನೋಡಿ. ಮರುದಿನ ಅಮ್ಮನನ್ನೇ ಕೇಳಿದರೆ ಆ ಹೆಂಗಸಿನಲ್ಲಿ ಗಮನ ಇದೆ ಎಂದರ್ಥ.

ಎಲ್ಲಕ್ಕಿಂತ ಮುಖ್ಯ, ತಪ್ಪಾದಾಗ ತಾವಾಗಿ ಬಂದು ಹೇಳುತ್ತಾರಾ ಎಂಬುದು. ಏಳು ದಿನದ ಮಾತ್ರೆ ಡಬ್ಬಿ ತಂದು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ತುಂಬಿಸಿಡಿ. ಪಕ್ಕದಲ್ಲಿ ಗುರುತು ಹಾಕುವ ಹಾಳೆ ಇರಲಿ. ಹಾಳೆಯಲ್ಲಿ ಎಲ್ಲಾ ಸರಿ ಇದ್ದು ಡಬ್ಬಿಯಲ್ಲಿ ಮಾತ್ರೆ ಉಳಿದಿದ್ದರೆ, ಕೊಡದೇ ಗುರುತು ಹಾಕಿದ್ದಾರೆ. "ರಾತ್ರಿ ಬಿಪಿ ಮಾತ್ರೆ ಮರೆತೆ" ಅಂತ ಬೆಳಿಗ್ಗೆ ಅವರೇ ಹೇಳಿದರೆ ಖುಷಿಪಡಿ, ಡಾಕ್ಟರಿಗೆ ಫೋನ್ ಮಾಡಿ ಮುಂದೇನು ಅಂತ ಕೇಳಿ. ಆ ಮೊದಲ ಸಲ ನೀವು ರೇಗಿದಿರೋ, ಎರಡನೇ ತಪ್ಪು ನಿಮ್ಮ ಕಿವಿಗೆ ಬೀಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಸುಳ್ಳು ಕಲಿಸಿದವರು ಮನೆಯವರೇ.

ಉತ್ತರ (ಮನಃಶಾಸ್ತ್ರ ಉಪನ್ಯಾಸಕ, ಮೈಸೂರು)
ನಗುಮುಖದ ಬಗ್ಗೆ ಒಂದು ಎಚ್ಚರಿಕೆ. 1920ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಥಾರ್ನ್‌ಡೈಕ್ ತೋರಿಸಿದ್ದು ಇದನ್ನೇ: ಸೇನಾಧಿಕಾರಿಗಳು ಕೈಕೆಳಗಿನವರಿಗೆ ಅಂಕ ಹಾಕುವಾಗ ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿಗೂ ನಡತೆಗೂ ಹೆಚ್ಚು ಅಂಕ ಬೀಳುತ್ತಿತ್ತು. ಒಂದು ಗುಣದ ಬೆಳಕು ಉಳಿದದ್ದರ ಮೇಲೆಲ್ಲ ಹರಡುತ್ತದೆ. ಅದಕ್ಕೇ ತಾಳ್ಮೆಗೆ ಬೇರೆ, ಪ್ರಾಮಾಣಿಕತೆಗೆ ಬೇರೆ ಟಿಪ್ಪಣಿ ಬರೆಯಿರಿ, ಅದೂ ಅದೇ ದಿನ ರಾತ್ರಿ. "ಒಳ್ಳೆಯವರು" ಅಂತ ಬರೆಯಬೇಡಿ, ಏನು ಮಾಡಿದರು ಅಂತ ಬರೆಯಿರಿ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಶಿಕ್ಷಣದ 40 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ದಾರಿಯಲ್ಲಿ ನರಳುತ್ತಾ ಕುಸಿದು ಕೂತವನಿಗೆ, ಬಿಡುವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಾದರು. ತಡವಾಯಿತೆಂದು ಅವಸರ ಹಚ್ಚಿದವರಲ್ಲಿ ನೂರಕ್ಕೆ 10 ಮಾತ್ರ. ಅವರ ಧರ್ಮಭಾವನೆಗಿಂತ ಅವಸರವೇ ಹೆಚ್ಚು ಕೆಲಸ ಮಾಡಿತು. ನಿಮ್ಮ ಮನೆಗೆ ಹೊಂದಿಸಿ ನೋಡಿ: ಅಮ್ಮನ ಆರೈಕೆ, ಅಡಿಗೆ, ಪಾತ್ರೆ, ಬಟ್ಟೆ ಎಲ್ಲವನ್ನೂ ಒಬ್ಬರ ಮೇಲೆ ಹೇರಿ, ವಾರದ ರಜೆಯನ್ನೂ ಕೊಡದಿದ್ದರೆ ಎಂಥ ತಾಳ್ಮೆಯೂ ತಿಂಗಳೊಳಗೆ ಸವೆಯುತ್ತದೆ. ಆಮೇಲೆ ಅದನ್ನು ಅವರ ಸ್ವಭಾವ ಅನ್ನುವುದು ಅನ್ಯಾಯ. ರಾತ್ರಿ ಎಚ್ಚರವಿದ್ದವರಿಗೆ ಹಗಲಲ್ಲಿ ಮೂರು ಗಂಟೆ ನಿದ್ದೆ ಬಿಡಿ, ಪಾತ್ರೆ ಬಟ್ಟೆಗೆ ಬೇರೆಯವರನ್ನು ಹಚ್ಚಿ.

ಉತ್ತರ (ಸಹಕಾರಿ ಸಂಘದ ನಿವೃತ್ತ ಲೆಕ್ಕಿಗ, ತಿಪಟೂರು)
ಐನೂರರ ನೋಟು ಬಿಡುವ ಕೆಲಸ ಮಾತ್ರ ಬೇಡಮ್ಮ. ಮುಟ್ಟದಿದ್ದರೆ ನಿಮಗೆ ತಿಳಿಯುವುದು ಇಷ್ಟೇ, ಅವರಿಗೆ ಬಲೆ ಕಂಡಿತು. ಕಂಡದ್ದಕ್ಕೆ ಮನಸ್ಸೂ ನೊಂದಿರುತ್ತದೆ. ಭಾರತವೂ ಸೇರಿ 40 ದೇಶಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು "ದಾರಿಯಲ್ಲಿ ಸಿಕ್ಕಿತು" ಅಂತ ಬ್ಯಾಂಕು, ಹೋಟೆಲ್ ಮೊದಲಾದ ಕಡೆ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದುಡ್ಡಿಲ್ಲದ ಪರ್ಸುಗಳಲ್ಲಿ ನೂರಕ್ಕೆ 40ರಷ್ಟರ ಬಗ್ಗೆ ಮಾಲೀಕರಿಗೆ ತಿಳಿಸಿದರು, ದುಡ್ಡಿದ್ದವುಗಳಲ್ಲಿ 51. ಜನರನ್ನು ಮೊದಲೇ ಕಳ್ಳರು ಅಂದುಕೊಳ್ಳಬೇಕಿಲ್ಲ.

ಲೆಕ್ಕ ಮಾತ್ರ ಇರಲಿ. ವಾರಕ್ಕೆ 2,000 ರೂಪಾಯಿ ಕೈಗೆ ಕೊಡಿ, ತರಕಾರಿ, ಹಾಲು, ಔಷಧಿಗೆ. ಚಿಕ್ಕ ನೋಟ್‌ಬುಕ್, ಚೀಟಿ ಹಾಕಲು ಒಂದು ಕವರ್. ಶನಿವಾರ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂತು ಕೂಡಿಸಿ. ಹತ್ತಿಪ್ಪತ್ತು ರೂಪಾಯಿ ತಾಳೆಯಾಗದಿರುವುದು ಸಹಜ. ಗಮನಿಸಬೇಕಾದ್ದು ಬೇರೆ: ಪ್ರತಿ ಖರ್ಚೂ ದುಂಡು ಸಂಖ್ಯೆಯಲ್ಲೇ ಇದೆಯಾ, ವ್ಯತ್ಯಾಸ ಯಾವಾಗಲೂ ಒಂದೇ ಕಡೆ ವಾಲುತ್ತದಾ, ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟದ್ದನ್ನೂ ಬರೆದಿದ್ದಾರಾ. ಮುಂಗಡ ಕೇಳಿದ ಮಾತ್ರಕ್ಕೆ ಅನುಮಾನ ಬೇಡ, ಶಾಲೆ ಫೀಸು, ಆಸ್ಪತ್ರೆ ಎಲ್ಲರಿಗೂ ಇರುತ್ತದೆ. ಅರ್ಧ ತಿಂಗಳ ಸಂಬಳದವರೆಗೆ ಅಂತ ಮೊದಲೇ ಮಾತಾಡಿ, ಬರೆದಿಡಿ.

ಉತ್ತರ (ತೀರ್ಥಹಳ್ಳಿ)
ಹಿಂದೆ ಕೆಲಸ ಮಾಡಿದ ಎರಡು ಮನೆಗಾದರೂ ಫೋನ್ ಮಾಡಿ ವಿಚಾರಿಸಿ. "ಒಳ್ಳೆಯವರಾ" ಅಂದರೆ "ಹೂಂ, ಪರವಾಗಿಲ್ಲ" ಅನ್ನುತ್ತಾರೆ, ಅಷ್ಟೇ. ಹಬ್ಬಕ್ಕೆ ಊರಿಗೆ ಹೋದವರು ಹೇಳಿದ ದಿನ ಬಂದರಾ, ಬಾರದಿದ್ದರೆ ಫೋನ್ ಮಾಡಿದರಾ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಿದರು, ಮತ್ತೆ ಬೇಕಾದರೆ ಇವರನ್ನೇ ಕರೆಯುತ್ತೀರಾ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಬರಲು ಹೊತ್ತು ಹಿಡಿದರೆ ಕಾರಣ ಕೇಳಿ. ಹಳೆಯ ಮನೆಯ ಗುಟ್ಟುಗಳನ್ನು ನಿಮ್ಮ ಮುಂದೆ ಹರಡುವವರು ನಾಳೆ ನಿಮ್ಮದನ್ನೂ ಹರಡುತ್ತಾರೆ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿ, ಆದರೆ ಅದರಿಂದ ತಿಳಿಯುವುದು ಕೇಸುಗಳಿವೆಯೇ ಎಂಬುದಷ್ಟೇ.

ನೆಂಟರು ಮೊದಲು ಕೇಳುವುದು "ಯಾವ ಜನ" ಅಂತ. ಜಾತಿಯಿಂದ ಗುಣ ತಿಳಿಯುವುದಿಲ್ಲ, ಆ ಮಾತಿಗೆ ಕಿವಿಗೊಡಬೇಡಿ. ಅವರಿಗೆ ಬೇರೆ ಲೋಟ, ನೆಲದ ಮೇಲೆ ಊಟ ಅಂತೆಲ್ಲ ನಡೆಸುವ ಮನೆಯಲ್ಲಿ ಯಾರಿಂದಲೂ ಪ್ರೀತಿ ನಿರೀಕ್ಷಿಸುವಂತಿಲ್ಲ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಇನ್ನೊಂದು ಅನುಮಾನ. ಅಮ್ಮನಿಗೆ ಈಚೆಗೆ ಮರೆವು ಶುರುವಾಗಿದೆ. "ನನ್ನ ಸರ ಕದ್ದಳು" ಅಂತ ಅವರು ಹೇಳಿದರೆ ಯಾರನ್ನು ನಂಬಲಿ?

ಉತ್ತರ (ನರ್ಸ್, ಧಾರವಾಡ)
ಮರೆವಿನ ಕಾಯಿಲೆಯಲ್ಲಿ ಕಳವಿನ ದೂರು ತುಂಬಾ ಸಾಮಾನ್ಯ. ಮೊದಲು ದಿಂಬಿನ ಕೆಳಗೆ, ಸೀರೆ ಮಡಿಕೆಯಲ್ಲಿ, ಅಕ್ಕಿ ಡಬ್ಬಿಯಲ್ಲಿ ಹುಡುಕಿಸಿ. ಒಡವೆಯನ್ನು ಹೋಗುವ ಮುಂಚೆಯೇ ಲಾಕರಿನಲ್ಲಿಡಿ, ಇಬ್ಬರಿಗೂ ನೆಮ್ಮದಿ. ಹಾಲ್‌ನಲ್ಲಿ ಕ್ಯಾಮೆರಾ ಹಾಕುವುದಾದರೆ ಅವರಿಗೆ ಹೇಳಿಯೇ ಹಾಕಿ, ಮಲಗುವ ಕೋಣೆ, ಬಾತ್‌ರೂಮ್‌ಗೆ ಬೇಡ. ಆದರೆ ಆಕೆ ಹತ್ತಿರ ಬಂದಾಗ ಅಮ್ಮ ಮಾತು ನಿಲ್ಲಿಸಿ ಮುದುಡಿದರೆ, ಇದ್ದಕ್ಕಿದ್ದಂತೆ ಸ್ನಾನ ಬೇಡವೆಂದು ಹಟ ಹಿಡಿದರೆ, ತೋಳಿನ ಮೇಲ್ಭಾಗದಲ್ಲಿ ಬೆರಳಿನಾಕಾರದ ಕಂದು ಗುರುತು ಕಂಡರೆ, ಅದನ್ನು ಮರೆವಿನ ತಲೆಗೆ ಕಟ್ಟಬೇಡಿ. ಹತ್ತಿರದ ನೆಂಟರನ್ನು ಅಂದೇ ಮನೆಗೆ ಕಳಿಸಿ, ಅಮ್ಮನ ಜೊತೆ ಒಂಟಿಯಾಗಿ ಮಾತಾಡಿಸಿ, ಡಾಕ್ಟರಿಗೆ ತೋರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567, ಈ ನಂಬರನ್ನು ಪಕ್ಕದ ಮನೆಯವರ ಫೋನಿನಲ್ಲೂ ಹಾಕಿಡಿ.